ಕೂಡಿಹಾಕಿದ ಮೇಲೆ ಶುರುವಾದ ಕುಕ್ಕಾಟ: ಹಿತ್ತಲ ಕೋಳಿಗಳನ್ನು ಹದಕ್ಕೆ ತರುವುದು ಹೇಗೆ?

ಪ್ರಶ್ನೆ: ನಮ್ಮ ಹಿತ್ತಲಲ್ಲಿ 10 ಸ್ವರ್ಣಧಾರಾ (ಸುಧಾರಿತ ತಳಿ) ಹೇಂಟೆ, 6 ನಾಟಿ ಹೇಂಟೆ, 3 ಸ್ವರ್ಣಧಾರಾ ಹುಂಜಗಳಿವೆ. ಮೊದಲು ತೋಟದ ತುಂಬಾ ಮೇಯುತ್ತಿದ್ದವು. ಪಕ್ಕದ ಮನೆಯವರ ಸೊಪ್ಪಿನ ಮಡಿ ಕೆದಕುತ್ತವೆಂದು ಜಗಳವಾಗಿ, ಎರಡು ತಿಂಗಳಿಂದ 10×12 ಅಡಿ ಜಾಗಕ್ಕೆ ಬಲೆ ಕಟ್ಟಿ ಅದರೊಳಗೇ ಬಿಟ್ಟಿದ್ದೇವೆ. ರಾತ್ರಿ 6×4 ಅಡಿಯ ಗೂಡಿಗೆ ಸೇರಿಸುತ್ತೇವೆ. ಕಾಡುಬೆಕ್ಕಿನ ಭಯಕ್ಕೆ ಗೂಡಿನೊಳಗೆ ಬಲ್ಬು ರಾತ್ರಿಯಿಡೀ ಉರಿಯುತ್ತದೆ. ಮೆಕ್ಕೆಜೋಳದ ನುಚ್ಚು, ಅಕ್ಕಿ ನುಚ್ಚು, ಮಿಕ್ಕಿದ ಅನ್ನ ಹಾಕುತ್ತೇವೆ. ಮೊಟ್ಟೆ ಇಡಲು ಎರಡು ಬುಟ್ಟಿ ಇಟ್ಟಿದ್ದೇವೆ. ಈಗ ಒಂದರ ಬಾಲದ ಬುಡವನ್ನು ಇನ್ನೊಂದು ಕುಕ್ಕಿ ಗರಿ ಕೀಳುತ್ತಿದೆ. ಒಂದು ಹೇಂಟೆಯ ಹಿಂಭಾಗವನ್ನೇ ಕಿತ್ತು ಸಾಯಿಸಿದವು. ನಾಟಿ ಕೋಳಿಗಳ ಬೆನ್ನು ಬೋಳಾಗಿದೆ. ಮೊಟ್ಟೆ ಒಡೆದು ತಿನ್ನುತ್ತಿವೆ. ಒಂದು ನಾಟಿ ಹೇಂಟೆಯಂತೂ ಖಾಲಿ ಬುಟ್ಟಿಯಲ್ಲಿ ಕೂತು ಏಳುವುದೇ ಇಲ್ಲ. ಕೊಕ್ಕು ಕತ್ತರಿಸಿ ಎಂದು ಕೆಲವರು ಹೇಳುತ್ತಾರೆ. ಏನು ಮಾಡಬೇಕು?

ಉತ್ತರ: ಕೊಕ್ಕಿಗೆ ಕೈ ಹಾಕಬೇಡಿ. ನೀವು ಬರೆದಿರುವ ವಿವರದಲ್ಲೇ ಕಾರಣಗಳೆಲ್ಲ ಇವೆ. ಮೇಯುತ್ತಿದ್ದಾಗ ಇಲ್ಲದ ಕುಕ್ಕಾಟ ಕೂಡಿಹಾಕಿದ ಮೇಲೆ ಬಂದಿದೆ ಎಂದರೆ, ಕೆಟ್ಟಿರುವುದು ಕೋಳಿಯ ಗುಣವಲ್ಲ, ಅದರ ಜಾಗ, ಮೇವು ಮತ್ತು ಬೆಳಕು. ಬಿಟ್ಟು ಸಾಕಿದ ಕೋಳಿ ಹಗಲಿನ ಬಹುಪಾಲನ್ನು ಕೆದಕುವುದರಲ್ಲೂ ಕುಕ್ಕುವುದರಲ್ಲೂ ಕಳೆಯುತ್ತದೆ. ಹುಳು, ಗೆದ್ದಲು, ಹುಲ್ಲಿನ ಬೀಜ, ಎಳೆ ಚಿಗುರು ಎಲ್ಲವೂ ಅದಕ್ಕೆ ಸಿಗುತ್ತಿದ್ದವು. ಬಲೆಯೊಳಗಿನ ಬರಿ ನೆಲದಲ್ಲಿ ಕುಕ್ಕಲು ಏನೂ ಇಲ್ಲ, ಮುಂದಿನ ಕೋಳಿಯ ಗರಿ ಮಾತ್ರ ಇದೆ. ಅದರ ಮೇಲೆ ಮೇವಿನಲ್ಲಿ ಪ್ರೋಟೀನೂ ಇಲ್ಲ.

ಮೊದಲು ಇವತ್ತೇ ಆಗಬೇಕಾದ ಕೆಲಸ. ರಕ್ತ ಕಂಡ ಕೋಳಿಯನ್ನು ಆ ಗಳಿಗೆಯಲ್ಲೇ ಬೇರೆ ಮಾಡಿ. ಕೆಂಪು ಬಣ್ಣ ಕಂಡರೆ ಉಳಿದವು ಅಲ್ಲಿಗೇ ಕುಕ್ಕುತ್ತವೆ, ಒಂದು ಶುರು ಮಾಡಿದರೆ ಐದಾರು ಸೇರಿಕೊಳ್ಳುತ್ತವೆ. ಅರ್ಧ ದಿನದೊಳಗೆ ಕರುಳು ಹೊರಬರುವವರೆಗೂ ಹೋಗಬಹುದು. ಗಾಯವನ್ನು ಕುದಿಸಿ ಆರಿಸಿದ ಉಪ್ಪುನೀರಿನಿಂದ (ಲೀಟರಿಗೆ 9 ಗ್ರಾಂ, ಸುಮಾರು ಎರಡು ಸಣ್ಣ ಚಮಚ) ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ. ಒಣಗಿದ ಮೇಲೆ ಸುತ್ತಲಿನ ಚರ್ಮಕ್ಕೆ ಅರಿಶಿನ ಕಲಸಿದ ಬೇವಿನೆಣ್ಣೆಯನ್ನು ತೆಳ್ಳಗೆ ಸವರಿ. ಕೆಂಪು ಮರೆಯಾಗುತ್ತದೆ, ನೊಣ ಕೂರುವುದೂ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಒಂದೇ ದಿನದಲ್ಲಿ ಗಾಯದಲ್ಲಿ ಹುಳು ಬೀಳುವುದರಿಂದ ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೋಡಬೇಕು. ಗಾಯಗೊಂಡ ಕೋಳಿಯನ್ನು ಮನೆಯ ಇನ್ನೊಂದು ಮೂಲೆಗೆ ಒಯ್ಯಬೇಡಿ. ಅದೇ ಆವರಣದಲ್ಲಿ ಮಂಕರಿಯಡಿಯೋ ತಂತಿಬಲೆಯ ಪಂಜರದಲ್ಲೋ, ಉಳಿದವುಗಳಿಗೆ ಕಾಣುವ ಹಾಗೆ ಇಡಿ. ಹತ್ತು ದಿನ ಕಣ್ಣಿಗೆ ಬೀಳದ ಕೋಳಿ ಗುಂಪಿಗೆ ಹೊಸಬಳಾಗಿಬಿಡುತ್ತದೆ, ಒಳಗೆ ಬಿಟ್ಟ ಕೂಡಲೇ ಮತ್ತೆ ಹೊಡೆತ ತಿನ್ನುತ್ತದೆ.

ಇನ್ನು ಒಂದೊಂದು ಕೋಳಿಯನ್ನೂ ಸಂಜೆ ಗೂಡಿನಲ್ಲಿ ಹಿಡಿದು ಟಾರ್ಚ್ ಬೆಳಕಿನಲ್ಲಿ ನೋಡಿ. ಗರಿ ಎಲ್ಲಿ ಹೋಗಿದೆ ಎನ್ನುವುದು ಯಾಕೆ ಹೋಗಿದೆ ಎಂದು ಹೇಳುತ್ತದೆ. ತಲೆ, ಜುಟ್ಟಿನ ಮೇಲೆ ಗಾಯವಿದ್ದರೆ ಅದು ಮೇಲು–ಕೀಳಿನ ಜಗಳ. ಎದುರಿನಿಂದ ಬಂದು ಟಕ್ಕನೆ ಕುಕ್ಕುತ್ತದೆ, ಹೊಡೆತ ತಿಂದದ್ದು ಕೂಗಿ ಓಡುತ್ತದೆ. ಗುಂಪಿನಲ್ಲಿ ಇದು ಸಹಜ. ಮೇವು, ನೀರಿನ ಜಾಗ ಸಾಲದಿದ್ದಾಗ ಮಾತ್ರ ವಿಕೋಪಕ್ಕೆ ಹೋಗುತ್ತದೆ. ಬಾಲದ ಬುಡ ಬೋಳಾಗಿದ್ದರೆ ಅದು ಗರಿ ಕೀಳುವ ಚಾಳಿ. ಹಿಂದಿನಿಂದ ಬಂದು ಸದ್ದಿಲ್ಲದೆ ಒಂದೊಂದೇ ಗರಿ ಕೀಳುತ್ತದೆ, ಎಷ್ಟೋ ಸಲ ಕೀಳಿಸಿಕೊಳ್ಳುವ ಕೋಳಿ ಸುಮ್ಮನೆ ನಿಂತೇ ಇರುತ್ತದೆ. ಬೆನ್ನಿನ ನಡುವೆ ಮತ್ತು ಎರಡೂ ಪಕ್ಕೆಗಳಲ್ಲಿ ಗರಿ ಮುರಿದು ತುಂಡಾಗಿದ್ದರೆ ಅದು ಹುಂಜ ಹತ್ತಿ ಕಾಲಿನಿಂದ ತುಳಿದ ಗುರುತು. ಮಲದ್ವಾರದ ಸುತ್ತ ಗರಿ ಉದುರಿ ಚರ್ಮ ಕೆಂಪಾಗಿ, ಗರಿಯ ಬುಡದಲ್ಲಿ ಬಿಳಿ ಅಂಟಿನ ಗೊಂಚಲು ಕಂಡರೆ ಅದು ಹೇನಿನ ಮೊಟ್ಟೆ. ಒಂದೂವರೆ ವರ್ಷದ ಹೇಂಟೆಗೆ ತಲೆಯಿಂದ ಶುರುವಾಗಿ ಕತ್ತು, ಬೆನ್ನು ಎಂದು ಕ್ರಮವಾಗಿ ಗರಿ ಉದುರಿ, ಕೆಳಗೆ ಕಡ್ಡಿಯಂಥ ಹೊಸ ಗರಿ ಮೂಡುತ್ತಿದ್ದು, ಗಾಯವೇ ಇಲ್ಲದಿದ್ದರೆ ಅದು ಗರಿ ಬದಲಿಸುವ ಕಾಲ. ಅದಕ್ಕೆ ಮದ್ದು ಬೇಕಿಲ್ಲ, ಒಳ್ಳೆಯ ಮೇವು ಸಾಕು.

ನಿಮ್ಮ ನಾಟಿ ಕೋಳಿಗಳ ಬೋಳು ಬೆನ್ನಿಗೆ ಕಾರಣ ಬಹುತೇಕ ಹುಂಜಗಳೇ. ನಾಟಿ ಹೇಂಟೆ ಒಂದೂಕಾಲು, ಒಂದೂವರೆ ಕಿಲೋ ತೂಗಿದರೆ ಹೆಚ್ಚು. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಸ್ವರ್ಣಧಾರಾದ ಬಲಿತ ಹುಂಜ ನಾಲ್ಕು ಕಿಲೋ ತೂಗುತ್ತದೆ. ಅಂಥ ಮೂರು ಹುಂಜ ಇಕ್ಕಟ್ಟಿನಲ್ಲಿ ಪೈಪೋಟಿಗೆ ಬಿದ್ದರೆ ಹಗುರ ಹೇಂಟೆಗೆ ಓಡಿಹೋಗಲು ಜಾಗವೂ ಇರುವುದಿಲ್ಲ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಎನ್ನುವುದು ಮರಿ ಮಾಡಿಸುವವರ ಲೆಕ್ಕ. ತಿನ್ನುವ ಮೊಟ್ಟೆಗೆ ಹುಂಜವೇ ಬೇಕಿಲ್ಲ, ಹುಂಜವಿಲ್ಲದೆಯೂ ಹೇಂಟೆ ಅಷ್ಟೇ ಮೊಟ್ಟೆ ಇಡುತ್ತದೆ. ಎರಡು ಹುಂಜವನ್ನು ಈ ವಾರವೇ ಕೊಟ್ಟುಬಿಡಿ. ಉಳಿದದ್ದರ ಕಾಲಿನ ಹಿಂದಿನ ಮುಳ್ಳು ಉದ್ದವಾಗಿ ಚೂಪಾಗಿದ್ದರೆ ಅದರ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ಕತ್ತರಿಸಲು ಹೋದರೆ ಒಳಗಿನ ರಕ್ತನಾಳ ತುಂಡಾಗುತ್ತದೆ. ಬೆನ್ನು ಹುಣ್ಣಾಗಿರುವ ನಾಟಿ ಹೇಂಟೆಗಳನ್ನು ಗಾಯ ಮಾಯುವವರೆಗೆ ಹುಂಜದಿಂದ ದೂರವಿಡಿ.

ಮೇವಿನ ವಿಷಯಕ್ಕೆ ಹೆಚ್ಚು ಗಮನ ಬೇಕು. ಮೊಟ್ಟೆ ಇಡುವ ಕೋಳಿಗೆ ಮೇವಿನಲ್ಲಿ ಶೇ 16–17 ಪ್ರೋಟೀನ್, ಶೇ 3.5ರ ಆಸುಪಾಸು ಕ್ಯಾಲ್ಸಿಯಂ ಬೇಕು. ಮೆಕ್ಕೆಜೋಳದಲ್ಲಿ ಪ್ರೋಟೀನ್ ಶೇ 8–9, ಅಕ್ಕಿ ನುಚ್ಚಿನಲ್ಲಿ ಇನ್ನೂ ಸ್ವಲ್ಪ ಕಡಿಮೆ. ಕ್ಯಾಲ್ಸಿಯಂ ಎರಡರಲ್ಲೂ ಇಲ್ಲವೆನ್ನುವಷ್ಟು ಕಡಿಮೆ. ಬಿಟ್ಟು ಮೇಯಿಸುವಾಗ ಕಾಳು ಹಾಕಿದರೆ ಸಾಕಾಗುತ್ತಿತ್ತು, ಉಳಿದದ್ದನ್ನು ಕೋಳಿಯೇ ಹುಡುಕಿಕೊಳ್ಳುತ್ತಿತ್ತು. ಈಗ ಆ ದಾರಿ ಮುಚ್ಚಿದೆ. ಗರಿ ಎಂದರೆ ಬಹುಪಾಲು ಪ್ರೋಟೀನೇ. ಅದರಲ್ಲೂ ಮೆಥಿಯೋನಿನ್, ಸಿಸ್ಟೀನ್ ಎಂಬ ಗಂಧಕವುಳ್ಳ ಅಂಶಗಳು ಕಡಿಮೆಯಾದಾಗ ಕೋಳಿ ಗರಿ ಕಿತ್ತು ನುಂಗುವುದು ಹೆಚ್ಚು. ಉಪ್ಪಿನ ಕೊರತೆಯೂ ಕುಕ್ಕಾಟಕ್ಕೆ ಒಂದು ಕಾರಣ.

ಸುಲಭದ ದಾರಿ ಅಂಗಡಿಯ ಲೇಯರ್ ಮ್ಯಾಶ್, ಅಂದರೆ ಮೊಟ್ಟೆ ಕೋಳಿಗೆಂದೇ ಮಾಡಿದ ಪುಡಿ ಮೇವು. ಒಂದು ಕೋಳಿ ದಿನಕ್ಕೆ 100ರಿಂದ 120 ಗ್ರಾಂ ತಿನ್ನುತ್ತದೆ. ಹುಂಜ ಕಡಿಮೆಯಾದ ಮೇಲೆ ಉಳಿಯುವ 17ಕ್ಕೆ ದಿನಕ್ಕೆ ಒಂದೂವರೆ ಕಿಲೋ ಮ್ಯಾಶ್, ಸಂಜೆ 400 ಗ್ರಾಂ ಕಾಳು ಸಾಕು. ಅದಕ್ಕಿಂತ ಹೆಚ್ಚು ಕಾಳು ಬೆರೆಸಿದರೆ ಮ್ಯಾಶಿಗೆ ಕೊಟ್ಟ ದುಡ್ಡು ದಂಡ. ಅರ್ಧಕ್ಕರ್ಧ ಮೆಕ್ಕೆಜೋಳ ಸೇರಿಸಿದರೆ ಒಟ್ಟು ಪ್ರೋಟೀನ್ ಶೇ 12–13ಕ್ಕೆ ಇಳಿಯುತ್ತದೆ. ಮನೆಯಲ್ಲೇ ಮಿಶ್ರ ಮಾಡುವುದಾದರೆ 10 ಕಿಲೋಗೆ ಹೀಗೆ: ಮೆಕ್ಕೆಜೋಳದ ನುಚ್ಚು 5 ಕಿಲೋ, ಸೋಯಾ ಹಿಂಡಿ 2 ಕಿಲೋ, ಎಳ್ಳಿನ ಹಿಂಡಿ ಅರ್ಧ ಕಿಲೋ, ಅಕ್ಕಿ ತೌಡು 1.4 ಕಿಲೋ, ಕಪ್ಪೆಚಿಪ್ಪಿನ ಪುಡಿ ಅಥವಾ ಮೇವಿನ ಸುಣ್ಣಕಲ್ಲಿನ ಪುಡಿ 800 ಗ್ರಾಂ, ಕೋಳಿಗೆಂದೇ ಮಾರುವ ಖನಿಜ–ವಿಟಮಿನ್ ಮಿಶ್ರಣ 300 ಗ್ರಾಂ, ಉಪ್ಪು 30 ಗ್ರಾಂ. ಖನಿಜ ಮಿಶ್ರಣದ ಚೀಲದ ಮೇಲೆ ಉಪ್ಪು ಸೇರಿದೆ ಎಂದು ಬರೆದಿದ್ದರೆ ಬೇರೆ ಉಪ್ಪು ಹಾಕಬೇಡಿ, ಹೆಚ್ಚಾದ ಉಪ್ಪು ಕೋಳಿಗೆ ವಿಷ. ಎಳ್ಳಿನ ಹಿಂಡಿಯನ್ನು ಬೇಕೆಂದೇ ಹೇಳಿದ್ದು, ಅದರಲ್ಲಿ ಮೆಥಿಯೋನಿನ್ ಚೆನ್ನಾಗಿದೆ. ಕಡಲೆಕಾಯಿ ಹಿಂಡಿಯಲ್ಲಿ ಅದು ಕಡಿಮೆ, ಜೊತೆಗೆ ಮುಗ್ಗಿದ್ದರೆ ಅಫ್ಲಾಟಾಕ್ಸಿನ್ ವಿಷದ ಅಪಾಯ. ಮುಗ್ಗಲು ವಾಸನೆಯ ಯಾವ ಹಿಂಡಿಯೂ, ಯಾವ ಜೋಳವೂ ಕೋಳಿಗೆ ಬೇಡ. ಮೇವನ್ನು ಒಂದೇ ದಿನದಲ್ಲಿ ಬದಲಿಸದೆ, ಐದಾರು ದಿನದಲ್ಲಿ ಹಳೆಯದನ್ನು ಇಳಿಸುತ್ತ ಹೊಸದನ್ನು ಏರಿಸಿ.

ಪುಡಿ ಮೇವಿನಲ್ಲಿ ಕೋಳಿ ದಪ್ಪ ನುಚ್ಚನ್ನು ಆರಿಸಿ ತಿಂದು ನುಣುಪು ಪುಡಿಯನ್ನು ಬಿಡುತ್ತದೆ. ಪ್ರೋಟೀನ್, ಖನಿಜ ಎಲ್ಲ ಇರುವುದು ಆ ಪುಡಿಯಲ್ಲೇ. ಮಧ್ಯಾಹ್ನ ತಟ್ಟೆಯಲ್ಲಿ ಉಳಿದ ಪುಡಿಗೆ ನೀರು ಚಿಮುಕಿಸಿ, ಹಿಡಿದರೆ ಉಂಡೆಯಾಗಿ ಬಿಟ್ಟರೆ ಉದುರುವಷ್ಟು ಒದ್ದೆ ಮಾಡಿ ಕೊಟ್ಟರೆ ನೆಕ್ಕಿ ಮುಗಿಸುತ್ತವೆ. ಎರಡು ತಾಸಿನೊಳಗೆ ಮುಗಿಯದ್ದನ್ನು ತೆಗೆದುಬಿಡಿ, ಹುಳಿ ಬರುತ್ತದೆ. ಕೋಳಿಯೊಂದಕ್ಕೆ ನಾಲ್ಕು ಅಂಗುಲ ಜಾಗ ಎಂದರೂ 17ಕ್ಕೆ 68 ಅಂಗುಲ ಬೇಕು. ನಾಲ್ಕು ಅಂಗುಲದ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಎರಡೆರಡು ಅಡಿಯ ಎರಡು ತೊಟ್ಟಿ ಮಾಡಿದರೆ ಎರಡೂ ಬದಿಯಿಂದ ತಿನ್ನಲು 96 ಅಂಗುಲ ಸಿಗುತ್ತದೆ. ಅವೆರಡನ್ನೂ ಆವರಣದ ಎರಡು ತುದಿಗೆ ಇಡಿ. ಒಂದೇ ಕಡೆ ಇಟ್ಟರೆ ಜೋರಿನ ಹೇಂಟೆ ಕಾವಲು ನಿಂತು ಬಡಪಾಯಿಗಳನ್ನು ಉಪವಾಸ ಕೆಡವುತ್ತದೆ. ನೀರಿಗೂ ಎರಡು ಜಾಗ ಮಾಡಿ. ಕೋಳಿಗೆ ಕಾಲು ಲೀಟರಿನ ಲೆಕ್ಕ, ಏಪ್ರಿಲ್–ಮೇ ಸೆಕೆಗೆ ಅದರ ಎರಡರಷ್ಟು.

ಇನ್ನು ಬಲ್ಬು. ನಿಮ್ಮ ಹೇಂಟೆ ಸತ್ತದ್ದು ಹೆಚ್ಚಾಗಿ ಇದರಿಂದಲೇ. ಮೊಟ್ಟೆ ಹೊರಬರುವಾಗ ಒಳಗಿನ ಕೆಂಪು ಪೊರೆ ಹೊರಚಾಚಿಕೊಂಡು ಸ್ವಲ್ಪ ಹೊತ್ತಿನ ಮೇಲೆ ಒಳಗೆ ಸರಿಯುತ್ತದೆ. ಕತ್ತಲ ಬುಟ್ಟಿಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಲ್ಬಿನ ಬೆಳಕಿನಲ್ಲಿ, ಅದೂ 16 ಹೇಂಟೆಗೆ ಎರಡೇ ಬುಟ್ಟಿ ಇದ್ದು ಕೆಲವು ನೆಲದಲ್ಲೇ ಮೊಟ್ಟೆ ಇಡುವಾಗ, ಪಕ್ಕದ ಕೋಳಿಗೆ ಆ ಕೆಂಪು ನೇರ ಕಾಣುತ್ತದೆ. ಒಂದು ಕುಕ್ಕಿದರೆ ಮುಗಿಯಿತು. ಆದರೆ ರಾತ್ರಿಯಿಡೀ ಬೆಳಕಿಗೆ ಒಗ್ಗಿದ ಕೋಳಿಗೆ ದಿಢೀರನೆ ಕತ್ತಲು ಮಾಡಿದರೆ ಮೊಟ್ಟೆ ನಿಂತು ಗರಿ ಉದುರಿಸಲು ತೊಡಗಬಹುದು. ಹಾಗಾಗಿ ಇವತ್ತೇ ಆ ಬಲ್ಬು ತೆಗೆದು ಕೆಂಪು ಜೀರೋ ಬಲ್ಬು ಹಾಕಿ, ಅದನ್ನೂ ಮೂರು ವಾರದಲ್ಲಿ ದಿನಕ್ಕಿಷ್ಟೆಂದು ಬೇಗ ಆರಿಸುತ್ತ ಬನ್ನಿ. ಕಾಡುಬೆಕ್ಕಿಗೆ ಮದ್ದು ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿ ಮತ್ತು ಗಟ್ಟಿ ಅಗುಳಿ. ಕೋಳಿ ಕಟ್ಟುವ ತೆಳು ಷಟ್ಕೋನ ಬಲೆಯನ್ನು ಅದು ಹರಿದುಹಾಕುತ್ತದೆ. ಮೊಟ್ಟೆಗಾಗಿ ಬೆಳಕು ಬೇಕೆಂದರೆ ಹಗಲೂ ಸೇರಿ 14–15 ತಾಸು ಸಾಕು. ಚಳಿಗಾಲದಲ್ಲಿ ನಮ್ಮಲ್ಲಿ ಹಗಲು ಹನ್ನೊಂದೂವರೆ ತಾಸಿಗೆ ಇಳಿಯುತ್ತದೆ. ಟೈಮರ್ ಹಾಕಿ ಬೆಳಗಿನ ಜಾವ ಮೂರೂವರೆಯಿಂದ ಆರೂವರೆವರೆಗೆ 5 ವ್ಯಾಟಿನ ಹಳದಿ ಎಲ್‌ಇಡಿ ಉರಿಸಿ. ಸಂಜೆ ಬೆಳಕು ಕೊಟ್ಟು ಫಕ್ಕನೆ ಆರಿಸಿದರೆ ಕೋಳಿಗಳು ಮಲಗುವ ಕೋಲು ಹತ್ತಲಾಗದೆ ನೆಲದಲ್ಲೇ ಗುಪ್ಪೆಯಾಗುತ್ತವೆ. ಮೊಟ್ಟೆಯ ಬುಟ್ಟಿಗೆ ಈ ಬೆಳಕು ಬೀಳಬಾರದು.

ಬುಟ್ಟಿ ನಾಲ್ಕಾದರೂ ಬೇಕು, ನಾಲ್ಕು ಹೇಂಟೆಗೆ ಒಂದು. ಸ್ವರ್ಣಧಾರಾ ಮೂರು ಕಿಲೋ ತೂಗುವ ಹೇಂಟೆ, 14×14 ಅಂಗುಲಕ್ಕಿಂತ ಚಿಕ್ಕದು ಅದಕ್ಕೆ ಸಾಲದು. ನೆಲದಿಂದ ಒಂದೂಕಾಲು ಅಡಿ ಎತ್ತರದಲ್ಲಿ, ಗೂಡಿನ ಅತಿ ಕತ್ತಲ ಮೂಲೆಯಲ್ಲಿಟ್ಟು, ಬಾಯಿಗೆ ಗೋಣಿಚೀಲದ ಎರಡು ಪಟ್ಟಿ ಇಳಿಬಿಡಿ. ಒಳಗೆ ಮೂರು ಅಂಗುಲ ಭತ್ತದ ಹೊಟ್ಟು ಅಥವಾ ಒಣಹುಲ್ಲು ಹಾಸಿ. ಮಲಗುವ ಕೋಲು ಬುಟ್ಟಿಗಿಂತ ಎತ್ತರದಲ್ಲಿರಲಿ, ಇಲ್ಲದಿದ್ದರೆ ಬುಟ್ಟಿಯಲ್ಲೇ ಮಲಗಿ ಹೇಸಿಗೆ ಮಾಡುತ್ತವೆ. ಕೋಳಿಗೆ ಎಂಟು ಅಂಗುಲದ ಲೆಕ್ಕದಲ್ಲಿ ಆರಡಿಯ ಎರಡು ಕೋಲು ನಿಮ್ಮ ಗೂಡಿಗೆ ಸರಿಹೊಂದುತ್ತವೆ. ಎರಡನ್ನೂ ಒಂದೇ ಮಟ್ಟದಲ್ಲಿ, ಎರಡಡಿ ಎತ್ತರದಲ್ಲಿ ಕಟ್ಟಿ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಮೇಲಿನದಕ್ಕೇ ಎಲ್ಲ ಹೊಡೆದಾಡುತ್ತವೆ.

ಹಗಲಿನ ಜಾಗ ಈಗ ಕೋಳಿಗೆ ಆರು ಚದರಡಿ ಚಿಲ್ಲರೆ ಬೀಳುತ್ತಿದೆ. ಎಂಟರಿಂದ ಹತ್ತಾದರೂ ಬೇಕು. ಎರಡು ಹುಂಜ ಹೋಗಿ, ಉದ್ದವನ್ನು ನಾಲ್ಕಡಿ ಹೆಚ್ಚಿಸಿ 10×16 ಮಾಡಿದರೆ ಲೆಕ್ಕ ಒಂಬತ್ತಕ್ಕೆ ಬರುತ್ತದೆ. ಜಾಗಕ್ಕಿಂತಲೂ ಮುಖ್ಯ ಅದರೊಳಗೆ ಮಾಡಲು ಕೆಲಸ ಇರಬೇಕು. ನೆಲಕ್ಕೆ ನಾಲ್ಕೈದು ಅಂಗುಲ ತರಗೆಲೆ, ಒಣಹುಲ್ಲು ಹಾಸಿ ಸಂಜೆಯ ಕಾಳನ್ನು ಅದರಲ್ಲಿ ಎರಚಿ, ಕೆದಕಿ ಹುಡುಕಲಿ. ನುಗ್ಗೆಸೊಪ್ಪು, ಅಗಸೆಸೊಪ್ಪು, ಹರಿವೆಯ ಕಟ್ಟನ್ನು ಕೋಳಿಯ ತಲೆಗಿಂತ ಸ್ವಲ್ಪ ಎತ್ತರದಲ್ಲಿ ನೇತುಹಾಕಿ. ನೆಲಕ್ಕೆ ಎಸೆದರೆ ಐದು ನಿಮಿಷದಲ್ಲಿ ತುಳಿದು ಹಾಳಾಗುತ್ತದೆ, ನೇತುಹಾಕಿದ್ದಕ್ಕೆ ತಾಸುಗಟ್ಟಲೆ ಹಾರಿ ಕುಕ್ಕುತ್ತವೆ. ಅದರ ನಾರು ಹೊಟ್ಟೆ ತುಂಬಿಸಿ ಗರಿ ತಿನ್ನುವ ಆಸೆಯನ್ನೂ ತಗ್ಗಿಸುತ್ತದೆ. ನಡುವೆ ಒಂದೆರಡು ಬಿದಿರು ತಟ್ಟಿ ನಿಲ್ಲಿಸಿದರೆ ಬೆನ್ನಟ್ಟಿಸಿಕೊಂಡ ಕೋಳಿಗೆ ಮರೆ ಸಿಗುತ್ತದೆ. ಸಾಧ್ಯವಾದರೆ ದಿನವೂ ಕತ್ತಲಾಗುವ ಒಂದು ತಾಸು ಮುಂಚೆ ಕಣ್ಗಾವಲಿನಲ್ಲಿ ಹೊರಗೆ ಬಿಡಿ. ಆ ಹೊತ್ತಿಗೆ ಬಿಟ್ಟ ಕೋಳಿ ದೂರ ಹೋಗುವುದಿಲ್ಲ, ಕತ್ತಲಾದಂತೆ ತಾನೇ ಗೂಡಿಗೆ ಬರುತ್ತದೆ. ಪಕ್ಕದವರ ಮಡಿಗೂ ತೊಂದರೆಯಿಲ್ಲ.

ಹೇನು, ನುಸಿ, ಉಣ್ಣೆಯ ತಪಾಸಣೆ ಮರೆಯಬೇಡಿ. ಹೇನು ಹಗಲೂ ಮೈಮೇಲೆಯೇ ಇರುತ್ತದೆ. ಕೆಂಪು ನುಸಿ, ಕೋಳಿ ಉಣ್ಣೆಗಳು ಹಗಲು ಗೂಡಿನ ಸಂದಿನಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತವೆ. ಆದ್ದರಿಂದ ಕತ್ತಲಾದ ಎರಡು ತಾಸಿನ ಮೇಲೆ ಕೋಲಿನ ಕೆಳಭಾಗ, ಮರದ ಜೋಡಣೆಗಳನ್ನು ಬಿಳಿ ಬಟ್ಟೆಯಿಂದ ಒರೆಸಿ, ರಕ್ತದ ಕಲೆ ಬಿದ್ದರೆ ನುಸಿ ಇದೆ ಎಂದೇ ಅರ್ಥ. ಸಂಜೆ ಗೂಡಿಗೆ ಬರಲೊಲ್ಲದೆ ಮರ ಹತ್ತುವ ಕೋಳಿಗೂ ಎಷ್ಟೋ ಸಲ ಇದೇ ಕಾರಣ. ಗೂಡು ಖಾಲಿ ಮಾಡಿ ಸಂದುಗಳನ್ನು ಕುದಿನೀರಿನಿಂದ ತೊಳೆದು, ಒಣಗಿಸಿ, ಗಟ್ಟಿ ಸುಣ್ಣ ಬಳಿಯಿರಿ. ಸಂದುಗಳಿರುವ ಹಳೆ ಬಿದಿರಿದ್ದರೆ ಸುಟ್ಟು ಹೊಸದು ಹಾಕುವುದೇ ಮೇಲು. ಮೈ ಉಜ್ಜಿಕೊಳ್ಳಲು ಎರಡಡಿ ಚೌಕದ ತೊಟ್ಟಿಯಲ್ಲಿ ಎಂಟು ಅಂಗುಲ ಆಳಕ್ಕೆ ಒಣ ನುಣುಪು ಮಣ್ಣು, ಮರಳು, ಜರಡಿ ಹಿಡಿದ ಸೌದೆ ಬೂದಿ ಬೆರೆಸಿ, ಮಳೆ ಬೀಳದ ಕಡೆ ಇಡಿ. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಕೋಳಿಗೆ ಹಚ್ಚಲೇಬೇಡಿ. ಗರಿ ತೀಡುವಾಗ ಅದು ಕೋಳಿಯ ಹೊಟ್ಟೆಗೆ, ಅಲ್ಲಿಂದ ಮೊಟ್ಟೆಗೆ ಹೋಗುತ್ತದೆ. ಔಷಧಿ ಬೇಕೇ ಬೇಕೆನಿಸಿದರೆ ಪಶು ಆಸ್ಪತ್ರೆಯಲ್ಲಿ ಕೇಳಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬುದನ್ನೂ ಕೇಳಿಕೊಳ್ಳಿ.

ಮೊಟ್ಟೆ ತಿನ್ನುವ ಚಾಳಿ. ತಿಂದದ್ದು ಕೋಳಿಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಹಾವು ಇಡೀ ಮೊಟ್ಟೆ ನುಂಗುತ್ತದೆ, ಚೂರೂ ಉಳಿಯುವುದಿಲ್ಲ. ಮುಂಗುಸಿ ಬುಟ್ಟಿಯಿಂದಾಚೆ ಒಯ್ದು ಒಡೆಯುತ್ತದೆ. ಕೋಳಿ ತಿಂದಿದ್ದರೆ ಬುಟ್ಟಿಯ ಹುಲ್ಲು ಲೋಳೆಯಿಂದ ಅಂಟಿಕೊಂಡಿರುತ್ತದೆ, ಕೊಕ್ಕಿನ ಪಕ್ಕ ಹಳದಿ ಒಣಗಿರುತ್ತದೆ. ಸಾಮಾನ್ಯವಾಗಿ ತೆಳು ಸಿಪ್ಪೆಯ ಮೊಟ್ಟೆ ತುಳಿತಕ್ಕೆ ಒಡೆದು, ಒಮ್ಮೆ ರುಚಿ ಹತ್ತಿ, ಆಮೇಲೆ ಬೇಕೆಂದೇ ಒಡೆಯುವುದು ಶುರುವಾಗುತ್ತದೆ. ಸಿಪ್ಪೆ ಕಟ್ಟಲು ಸುಮಾರು 20 ತಾಸು ಬೇಕು, ಹೆಚ್ಚಿನ ಪಾಲು ರಾತ್ರಿಯೇ ಆಗುತ್ತದೆ. ಹಾಗಾಗಿ ಮಧ್ಯಾಹ್ನದ ಮೇಲೆ ಒಂದು ಬೋಗುಣಿಯಲ್ಲಿ ಹರಳು ಹರಳಾದ ಚಿಪ್ಪಿನ ಚೂರು ಬೇರೆಯಾಗಿ ಇಡಿ, ಬೇಕಾದ ಹೇಂಟೆ ಬೇಕಾದಷ್ಟು ತಿನ್ನುತ್ತದೆ. ಹರಳು ನಿಧಾನ ಕರಗುವುದರಿಂದ ರಾತ್ರಿಯಿಡೀ ಒದಗುತ್ತದೆ, ನುಣುಪು ಪುಡಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ಮನೆಯ ಮೊಟ್ಟೆ ಸಿಪ್ಪೆ ಹಾಕುವುದಾದರೆ ಹುರಿದು ಪೂರ್ತಿ ಕುಟ್ಟಿ ಹಾಕಿ. ಮೊಟ್ಟೆಗಳನ್ನು ಬೆಳಿಗ್ಗೆ ಎಂಟು, ಹತ್ತು, ಹನ್ನೆರಡಕ್ಕೆ ಮೂರು ಸಲ ಆಯ್ದುಕೊಳ್ಳಿ, ಹೆಚ್ಚಿನವು ಮಧ್ಯಾಹ್ನದೊಳಗೇ ಬೀಳುತ್ತವೆ. ಬುಟ್ಟಿಗೊಂದು ಮರದ ಅಥವಾ ಅಮೃತಶಿಲೆಯ ಹುಸಿ ಮೊಟ್ಟೆ ಇಟ್ಟರೆ ಕುಕ್ಕಿ ಕುಕ್ಕಿ ಬೇಸತ್ತು ಕೆಲವು ಬಿಡುತ್ತವೆ. ಮೊಟ್ಟೆಯೊಳಗೆ ಮೆಣಸಿನಪುಡಿ ತುಂಬಿಡುವ ಉಪಾಯ ಹಲವರು ಹೇಳುತ್ತಾರೆ, ಅದು ಕೆಲಸ ಮಾಡುವುದಿಲ್ಲ. ಮೆಣಸಿನಕಾಯಿಯ ಖಾರ ನಮಗೆ ತಾಗುವಂತೆ ಹಕ್ಕಿಗಳಿಗೆ ತಾಗದು, ಕೋಳಿ ಅದನ್ನೂ ಸಲೀಸಾಗಿ ತಿನ್ನುತ್ತದೆ. ಇಷ್ಟಕ್ಕೂ ನಿಲ್ಲದಿದ್ದರೆ ಬುಟ್ಟಿಯ ಬದಲು ಇಳಿಜಾರಿನ ಪೆಟ್ಟಿಗೆ ಮಾಡಿಸಿ: ತಳಕ್ಕೆ ಹುಲ್ಲಿನ ಬದಲು ರಬ್ಬರ್ ಮ್ಯಾಟ್, 14 ಅಂಗುಲಕ್ಕೆ ಎರಡು ಅಂಗುಲ ಇಳಿತ, ಹಿಂಬದಿಯಲ್ಲಿ ಎರಡೂವರೆ ಅಂಗುಲದ ಸಂದು, ಅದರಾಚೆ ಮುಚ್ಚಳವಿರುವ ಮೆತ್ತನೆಯ ತೊಟ್ಟಿ. ಇಟ್ಟ ಮೊಟ್ಟೆ ಉರುಳಿ ಆಚೆ ಹೋಗುತ್ತದೆ, ಕೊಕ್ಕಿಗೆ ಎಟಕುವುದಿಲ್ಲ. ಇಳಿತ ಇದಕ್ಕಿಂತ ಹೆಚ್ಚಾದರೆ ಹೇಂಟೆ ಕೂರಲು ಒಪ್ಪುವುದಿಲ್ಲ.

ಬುಟ್ಟಿ ಬಿಡದ ನಾಟಿ ಹೇಂಟೆ ಕಾವಿಗೆ ಕೂತಿದೆ, ಅದು ರೋಗವೂ ಅಲ್ಲ ಹಟವೂ ಅಲ್ಲ. ಮರಿ ಬೇಕಿದ್ದರೆ ಬೇರೆ ಕತ್ತಲ ಮೂಲೆಯಲ್ಲಿ ಬುಟ್ಟಿ ಮಾಡಿ, ರಾತ್ರಿ ಹೊತ್ತು, ವಾರದೊಳಗಿನ 10–12 ಮೊಟ್ಟೆಯ ಮೇಲೆ ಕೂರಿಸಿ, 21ನೇ ದಿನಕ್ಕೆ ಮರಿ. ಬೇಡವಾದರೆ ತಳಕ್ಕೂ ತಂತಿಬಲೆ ಇರುವ ಪಂಜರವನ್ನು ಇಟ್ಟಿಗೆ ಮೇಲೆತ್ತಿ, ಬೆಳಕಿರುವ ಕಡೆ ಮೂರು ನಾಲ್ಕು ದಿನ ಅದರಲ್ಲಿಡಿ. ಮೇವು ನೀರು ಧಾರಾಳವಾಗಿರಲಿ, ಹುಲ್ಲು ಬೇಡ. ಹೊಟ್ಟೆಯಡಿ ಗಾಳಿ ಆಡಿ ಕಾವು ಇಳಿಯುತ್ತದೆ, ಎರಡು ಮೂರು ವಾರದಲ್ಲಿ ಮತ್ತೆ ಮೊಟ್ಟೆಗೆ ಬರುತ್ತದೆ. ಮೂಗಿಗೆ ಗರಿ ಚುಚ್ಚುವುದು, ನೀರಿನಲ್ಲಿ ಮುಳುಗಿಸುವುದು ಬೇಡ. ಹಿಂಸೆಯಾಗುತ್ತದೆ, ಮೂಗಿನ ಗಾಯ ಕೀವುಗಟ್ಟುತ್ತದೆ.

ಕೊಕ್ಕಿನ ಮಾತು ಉಳಿಯಿತು. ಕೊಕ್ಕಿನ ತುದಿಯವರೆಗೂ ನರಗಳಿವೆ. ಬೆಳೆದ ಕೋಳಿಯ ಕೊಕ್ಕು ಕತ್ತರಿಸಿದರೆ ನೋವು ಬಹಳ ಕಾಲ ಉಳಿದು ಮೇವು ತಿನ್ನುವುದೇ ಕಡಿಮೆಯಾಗುತ್ತದೆ. ತೀರಾ ಕಾಡುವ ಒಂದೆರಡರ ಮೇಲ್ಗೊಕ್ಕಿನ ಚೂಪು ಕೊಂಡಿಯನ್ನು ಉಗುರಿನ ಅರದಿಂದ ಒಂದು ಮಿಲಿಮೀಟರ್ ಉಜ್ಜಿ ಮೊಂಡು ಮಾಡಬಹುದು, ಅಷ್ಟೇ. ಮೊದಲು ಕುಕ್ಕುವುದು ಯಾವುದೆಂದು ತಿಳಿಯಲು ಮೇವು ಹಾಕಿದ ಅರ್ಧ ತಾಸಿನ ನಂತರ, ಹೊಟ್ಟೆ ತುಂಬಿದ ಮೇಲೆ, ದೂರದಲ್ಲಿ ಸುಮ್ಮನೆ ಕೂತು ನೋಡಿ. ಕುಕ್ಕುವ ಕೋಳಿಯ ಗರಿಯೇ ಸಾಮಾನ್ಯವಾಗಿ ಎಲ್ಲಕ್ಕಿಂತ ಚೆನ್ನಾಗಿರುತ್ತದೆ. ಅದನ್ನು ಒಂದು ವಾರ ಬೇರೆ ಇಟ್ಟು ಮರಳಿ ಬಿಡಿ. ಮತ್ತೆ ಅದೇ ಚಾಳಿಯಾದರೆ ಗುಂಪಿನಿಂದ ತೆಗೆಯುವುದೇ ಸರಿ, ಉಳಿದವೂ ನೋಡಿ ಕಲಿಯುತ್ತವೆ. ಯಾವಾಗಲೂ ಪೆಟ್ಟು ತಿನ್ನುವ ಕೋಳಿಯನ್ನೂ ಗಮನಿಸಿ. ಮಂಕಾಗಿ ರೆಕ್ಕೆ ಇಳಿಬಿಟ್ಟು ಹಸಿರು ಬೇಧಿ ಮಾಡುತ್ತಿದ್ದರೆ ಅದು ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಆಗ ಅದನ್ನು ಬೇರೆ ಮಾಡಿ ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಮೇವು ಸರಿಮಾಡಿದ ಮೂರನೇ ವಾರದಿಂದ ಕುಕ್ಕಾಟ ಇಳಿಯಬೇಕು. ಆದರೆ ಅದನ್ನು ಗರಿ ನೋಡಿ ಅಳೆಯಬೇಡಿ. ಬುಡಸಮೇತ ಕಿತ್ತುಹೋದ ಗರಿ ಕೆಲವು ವಾರದಲ್ಲಿ ಮತ್ತೆ ಮೂಡುತ್ತದೆ, ನಡುವೆ ಮುರಿದ ಗರಿ ಮುಂದಿನ ಸಲ ಗರಿ ಬದಲಿಸುವವರೆಗೂ ಹಾಗೇ ಇರುತ್ತದೆ. ಹೊಸ ಗಾಯ ಆಗುತ್ತಿದೆಯೇ ಎಂದು ಮಾತ್ರ ನೋಡಿ. ಹೊಸದಾಗಿ ಮೂಡುವ ಗರಿಯ ಕಡ್ಡಿಯಲ್ಲಿ ರಕ್ತ ತುಂಬಿರುತ್ತದೆ, ಒಂದು ಕುಕ್ಕಿಗೆ ಒಸರುತ್ತದೆ. ಹಾಗಾಗಿ ಬೋಳಾದ ಜಾಗದಲ್ಲಿ ನೀಲಿ ಕಡ್ಡಿಗಳು ಕಾಣಿಸಿಕೊಂಡ ದಿನದಿಂದ ಎರಡು ವಾರ ಬೇವಿನೆಣ್ಣೆ ಸವರುವುದನ್ನು ನಿಲ್ಲಿಸಬೇಡಿ.